ಕಿರೀಟದ ಪೆಟ್ಟಿಗೆಯೊಳಗಿನ ಫೋನು

ಬೆಂಗಳೂರು
೯ ಜುಲೈ ೨೦೨೩

ಕಾಕಾ,

ನಾನು ಯಳವತ್ತಿಯ ಮಾಂತೇಶ. ಈ ಎಂಟು ವರ್ಷದಲ್ಲಿ ನಿಮಗೆ ಎಷ್ಟೋ ಸಲ ಫೋನು ಮಾಡಿದೆ, ನೀವು ಎತ್ತಲಿಲ್ಲ. ಬೆಟಗೇರಿಯ ಮನೆಗೆ ಎರಡು ಸಲ ಬಂದೆ. ಎರಡೂ ಸಲ ಗದಿಗೆವ್ವ ಚಿಗವ್ವ ಚಹಾ ಕೊಟ್ಟು, "ಅವರು ಪ್ರೋಗ್ರಾಮಿಗೆ ಹೋಗ್ಯಾರಪ್ಪಾ" ಅಂದರು. ಎರಡನೆಯ ಸಲ ನಿಮ್ಮ ಚಪ್ಪಲಿ ಬಾಗಿಲಲ್ಲೇ ಇದ್ದವು. ಅದಕ್ಕೇ ಈ ಪತ್ರ. ಬಂದ ಲಕೋಟೆಯನ್ನು ನೀವು ಒಡೆಯದೆ ಬಿಡುವವರಲ್ಲ, ಯಾವುದೋ ಊರಿನವರು ಕಲಾವಿದರನ್ನು ಕೇಳಿ ಬರೆದಿರಬಹುದೆಂಬ ಆಸೆ ನಿಮಗೆ ಯಾವಾಗಲೂ ಇರುತ್ತದೆ.

ನಾನೊಂದು ಸಿನಿಮಾ ಮಾಡುತ್ತಿದ್ದೇನೆ. ನಗೆಯ ಸಿನಿಮಾ. ಇಷ್ಟು ವರ್ಷ ಟೀವಿಯಲ್ಲಿ ಬೇರೆಯವರು ಬರೆದುಕೊಟ್ಟದ್ದನ್ನು ಹೇಳಿ ನಗಿಸಿದೆ. ಇದನ್ನು ನಾನೇ ಬರೆದಿದ್ದೇನೆ, ಮುಖ್ಯ ಪಾತ್ರವನ್ನೂ ನಾನೇ ಮಾಡುತ್ತೇನೆ. ಆ ಪಾತ್ರ ಒಬ್ಬ ಏಜೆಂಟನದು. ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆಯಲ್ಲಿ ಕೂತು, ಬೇರೆ ಯಾರಿಗೂ ಬೇಡವಾದ ಕಲಾವಿದರನ್ನು ಶಾಲೆಯ ಗ್ಯಾದರಿಂಗಿಗೆ, ಮದುವೆಗೆ, ಸಂಘದ ವಾರ್ಷಿಕೋತ್ಸವಕ್ಕೆ ಕಳಿಸಿಕೊಡುವವನು. ಕಲಾವಿದರಿಗೆ ಜ್ವರ ಬಂದರೆ ತಾನೇ ಗಂಜಿ ಒಯ್ಯುವವನು. ಜೀವನದಲ್ಲಿ ಒಂದೂ ಸುಳ್ಳು ಹೇಳದವನು. ಯಾರೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಹೆಸರು ಬದಲಿಸಿದ್ದೇನೆ. ಆದರೂ ಗದಗಿನವರಿಗೆ ಮೊದಲ ದೃಶ್ಯದಲ್ಲೇ ಗೊತ್ತಾಗುತ್ತದೆ. ನೀವು ಹೂಂ ಅನ್ನದೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಕತೆಯ ಅರ್ಧಭಾಗ ಇದರ ಜೊತೆ ಇಟ್ಟಿದ್ದೇನೆ.

ನಿಮ್ಮ ಕೈಯಲ್ಲಿ ಬೆಳೆದ,
ಮಾಂತೇಶ


ಬೆಟಗೇರಿ
೨ ಆಗಸ್ಟ್ ೨೦೨೩

ಮಾಂತೇಶ,

ನಿನ್ನ ಲಕೋಟೆ ಬಂತು. ನನ್ನ ಕನ್ನಡಕದ ಒಂದು ಕಾಲು ಮುರಿದಿದೆ, ಹಾಗಾಗಿ ಕತೆಯನ್ನು ನಿನ್ನ ಚಿಗವ್ವನೇ ಓದಿ ಹೇಳಿದಳು. ಓದುವುದಕ್ಕಿಂತ ನಗುವುದೇ ಹೆಚ್ಚಾಯಿತು. "ಖರೆ ನೀವು ಹಿಂಗ ನಡೀತೀರಿ ನೋಡ್ರಿ, ಕೊಡಿ ಬಗಲಾಗ ಹಿಡಕೊಂಡು, ಮಳಿ ಬಂದ್ರೂ ಬಿಚ್ಚೂದಿಲ್ಲ" ಎಂದು ನಡುನಡುವೆ ನನ್ನ ಕಡೆ ನೋಡುತ್ತಿದ್ದಳು. ಕೊಡೆ ಬಿಚ್ಚದಿದ್ದುದು ಅದು ಬಿಚ್ಚುತ್ತಿರಲಿಲ್ಲ ಎಂಬ ಕಾರಣಕ್ಕೆ. ಅದನ್ನೂ ಬರೆದುಕೋ.

ಕೆಲವು ತಿದ್ದುಪಡಿಗಳಿವೆ. ಮುಂಡರಗಿಯಲ್ಲಿ ಹುಚ್ಚೀರಪ್ಪನ ಎಲೆಗಳನ್ನು ತಿಂದದ್ದು ಆಕಳಲ್ಲ, ಆಡು. ಎಲೆ ಊದಿ ಹಾಡು ನುಡಿಸುವವನು ಎಂದಷ್ಟೇ ಬರೆದಿದ್ದೀ. ಮಲ್ಲಸಮುದ್ರದ ತನ್ನ ಮನೆಯ ಮಾವಿನ ಗಿಡದ ಎಲೆಯನ್ನೇ ಅವನು ಹಸಿ ಟವೆಲಿನಲ್ಲಿ ಸುತ್ತಿ ತರುತ್ತಿದ್ದ, ಬೇರೆ ಗಿಡದ್ದು ಬಾಯಿಗೆ ಇಡುತ್ತಿರಲಿಲ್ಲ. ಅಂದು ಆಡು ಆ ಎಲೆ ತಿಂದ ಮೇಲೆ ಅವನು ವೇದಿಕೆಯ ಮೇಲೆ ಹತ್ತು ನಿಮಿಷ ಆ ಆಡಿನ ಬಗ್ಗೆಯೇ ಮಾತಾಡಿದ, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಜಾದೂ ಮಾಡುವ ನಯಾಜನ ಪಾರಿವಾಳ ಮಾಯವಾದದ್ದು ಸೊರಟೂರಿನಲ್ಲಿ. ಟೊಪ್ಪಿಗೆಯೊಳಗಿಂದ ಹೋದದ್ದು ಮರಳಿ ಬರಲೇ ಇಲ್ಲ. ನಾವು ಊರಿಗೆ ಬಂದು ನೋಡಿದರೆ ಅದು ನಮಗಿಂತ ಮೊದಲೇ ಬೆಟಗೇರಿಯ ಮಾಳಿಗೆಯ ಮೇಲೆ ಕೂತಿತ್ತು.

ನನ್ನದೊಂದು ಷರತ್ತಿದೆ. ನಮ್ಮ ಮೂವರು ಕಲಾವಿದರ ಪಾತ್ರವನ್ನು ಬೇರೆ ಯಾರೂ ಮಾಡಬಾರದು. ಹುಚ್ಚೀರಪ್ಪ, ನಯಾಜ, ಖಾತುನಬಿ ತಮ್ಮ ತಮ್ಮ ಪಾತ್ರ ತಾವೇ ಮಾಡಬೇಕು. ಖಾತುನಬಿಯವರಿಗೆ ಈಗ ಎಪ್ಪತ್ತೆರಡು. ಕಂಪನಿ ನಾಟಕದಲ್ಲಿ ಮೂವತ್ತು ವರ್ಷ ರಾಣಿಯಾದವರು, ಇಂದಿಗೂ ಹೇಳಿದ ತಕ್ಷಣ ಎಡಗಣ್ಣೊಂದರಿಂದಲೇ ನೀರು ತರುತ್ತಾರೆ. ಆದರೆ ಮೆಟ್ಟಿಲು ಹತ್ತಲಾರರು. ಇಳಿದುಕೊಳ್ಳುವ ಕೋಣೆ ಕೆಳಗಿನದಾಗಬೇಕು, ಅನ್ನಕ್ಕೆ ಸಾರು ಬಿಸಿ ಇರಬೇಕು.

ಇನ್ನು ನನ್ನ ಒಪ್ಪಿಗೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಅಂದಾನಪ್ಪ


ಬೆಂಗಳೂರು
೨೧ ಆಗಸ್ಟ್ ೨೦೨೩

ಕಾಕಾ,

ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಮೂವರೂ ಬರಲಿ. ನಿರ್ಮಾಪಕರು ಹೆಸರಾದ ಮುಖಗಳು ಬೇಕೆಂದರು. ಖಾತುನಬಿಯವರ ಹಳೆಯ ವಿಡಿಯೊ ಒಂದನ್ನು ತೋರಿಸಿದೆ, ಒಪ್ಪಿಕೊಂಡರು. ಕೆಳಗಿನ ಕೋಣೆ, ಬಿಸಿ ಸಾರು ಎರಡನ್ನೂ ಬರೆದುಕೊಂಡಿದ್ದೇನೆ.

ಈಗ ಕತೆಯ ಉಳಿದ ಭಾಗ ಕಳಿಸುತ್ತಿದ್ದೇನೆ. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಗಿರಮಿಟ್ಟು ಮಾರುತ್ತ ಕಂಡಕ್ಟರರ ದನಿ ತೆಗೆಯುತ್ತಿದ್ದವನನ್ನು ಕೇಳಲೆಂದು ನೀವು ಮೂರು ಬಸ್ಸು ಬಿಟ್ಟಿರಿ. ನನಗೆ ಮಾತು ಕಲಿಸಿದಿರಿ, ಅದಕ್ಕಿಂತ ಹೆಚ್ಚಾಗಿ ಎಲ್ಲಿ ಸುಮ್ಮನಿರಬೇಕೆಂದು ಕಲಿಸಿದಿರಿ. ಅಂಥವರಿಗೆ ಒಂದು ಮಾತೂ ಹೇಳದೆ ನಾನು ಹೋದೆ. ಶಿರಹಟ್ಟಿಯ ಕಾರ್ಯಕ್ರಮದಲ್ಲಿ ಟೀವಿಯವರು ನನ್ನನ್ನು ನೋಡಿ, ನಾಳೆಯೇ ಹುಬ್ಬಳ್ಳಿಗೆ ಬಾ ಅಂದರು. ಎರಡು ದಿನ ಬಿಟ್ಟು ಲಕ್ಷ್ಮೇಶ್ವರದಲ್ಲಿ ನಮ್ಮ ಕಾರ್ಯಕ್ರಮ ಇದ್ದದ್ದು ಗೊತ್ತಿದ್ದೂ ಹೋದೆ.

ಅಂದು ಲಕ್ಷ್ಮೇಶ್ವರದಲ್ಲಿ ಆದದ್ದನ್ನು ನಯಾಜ ನನಗೆ ಹೇಳಿದ್ದಾನೆ. ಜನ ನನ್ನ ಹೆಸರು ಕೂಗುತ್ತಿದ್ದಾಗ ನೀವೇ ವೇದಿಕೆ ಹತ್ತಿ ನನ್ನ ನಗೆಹನಿಗಳನ್ನೆಲ್ಲ ಹೇಳಿದಿರಂತೆ. ಒಬ್ಬರೂ ನಗಲಿಲ್ಲವಂತೆ. ಆದರೂ ನೀವು ಕಡೆಯವರೆಗೆ ಹೇಳಿ, ಕೈಮುಗಿದು ಇಳಿದಿರಂತೆ. ನನ್ನ ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ನಾನು ಮಾಡಿದ ದ್ರೋಹವನ್ನು ಇಡೀ ನಾಡಿನ ಎದುರು ಒಪ್ಪಿಕೊಳ್ಳಬೇಕಾಗಿದೆ. ಅಷ್ಟಕ್ಕೇ ಈ ಸಿನಿಮಾ.

ತಪ್ಪಿತಸ್ಥ,
ಮಾಂತೇಶ


ಬೆಟಗೇರಿ
೧೪ ಸೆಪ್ಟೆಂಬರ್ ೨೦೨೩

ಮಾಂತೇಶ,

ಲಕ್ಷ್ಮೇಶ್ವರದ ದೃಶ್ಯ ಹಾಕಬೇಡ.

ಹುಚ್ಚೀರಪ್ಪ ಹೊಸ ಅಂಗಿ ಹೊಲಿಸಿಕೊಂಡಿದ್ದಾನೆ. ನಯಾಜ ಪಾರಿವಾಳಕ್ಕೆ ಮತ್ತೆ ತಾಲೀಮು ಶುರು ಮಾಡಿದ್ದಾನೆ, ಅದು ಮತ್ತೆ ಮನೆಗೆ ಹೋಗುತ್ತಿದೆ. ಎಲ್ಲರೂ ನಿನ್ನ ತಾರೀಖಿಗೆ ಕಾಯುತ್ತಿದ್ದಾರೆ.

ಅಂದಾನಪ್ಪ


ಬೆಂಗಳೂರು
೩೦ ಸೆಪ್ಟೆಂಬರ್ ೨೦೨೩

ಕಾಕಾ,

ಯಾಕೆ ಬೇಡವೆಂದು ಒಂದು ಮಾತಾದರೂ ಬರೆಯಬಾರದಿತ್ತೆ? ಆ ದೃಶ್ಯ ತೆಗೆದರೆ ಉಳಿಯುವುದು ಆಡು ಮತ್ತು ಪಾರಿವಾಳ. ನಿಮಗೆ ಅವಮಾನವಾಗುತ್ತದೆ ಎಂದು ಅಂಜುತ್ತಿದ್ದೀರಾದರೆ ಕೇಳಿ, ನೋಡಿದವರು ಬೈಯುವುದು ನನ್ನನ್ನು, ನಿಮಗೆ ಕೈಮುಗಿಯುತ್ತಾರೆ. ಇಷ್ಟು ವರ್ಷ ನನ್ನ ಫೋನು ಎತ್ತದಷ್ಟು ನಿಮಗೆ ನೋವಾಗಿದೆ. ಅದನ್ನು ಜನರಿಗೆ ಹೇಳಲು ಬಿಡಿ.

ಮಾಂತೇಶ


ಬೆಟಗೇರಿ
೨೨ ಅಕ್ಟೋಬರ್ ೨೦೨೩

ಮಾಂತೇಶ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ನಿನ್ನೆ ಚಿಗವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ನಿಲ್ಲಿಸಿ ಹೇಳಿದಳು: "ನೀವು ಹೇಳ್ತೀರೋ, ನಾ ಹೇಳ್ಲ್ಯೋ? ಆ ಹುಡುಗ ನಿಮ್ಮನ್ನ ದೇವರ ಜಗಲಿ ಮ್ಯಾಲೆ ಕುಂಡ್ರಸಾಕತ್ತಾನ. ನೀವು ಸುಮ್ಮನ ಕುಂತು ಕಾಯಿ ಒಡಿಸ್ಕೋಳಾಕತ್ತೀರಿ."

ನಿನ್ನ ಫೋನು ಎತ್ತದ್ದು ಸಿಟ್ಟಿನಿಂದಲ್ಲ. ನಾಚಿಕೆಯಿಂದ.

ಶಿರಹಟ್ಟಿಯಲ್ಲಿ ಟೀವಿಯವರು ನಿನ್ನನ್ನು ಮೊದಲ ಸಲ ನೋಡಿದರೆಂದು ನೀನು ತಿಳಿದಿದ್ದೀ. ಅದಕ್ಕೆ ನಾಲ್ಕು ತಿಂಗಳು ಮೊದಲು, ೨೦೧೫ರ ಏಪ್ರಿಲ್‌ನಲ್ಲಿ, ಅವರ ಫೋನು ನಮ್ಮ ಆಫೀಸಿಗೆ ಬಂದಿತ್ತು. ಭಿತ್ತಿಪತ್ರದಲ್ಲಿ ನಿನ್ನ ಹೆಸರಿನ ಕೆಳಗೆ ಇರುತ್ತಿದ್ದದ್ದು ನನ್ನ ನಂಬರು ತಾನೆ. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿದಳು. ಮಾಂತೇಶ ಅವರನ್ನು ಹುಬ್ಬಳ್ಳಿಗೆ ಕಳಿಸಿ, ಮೇ ತಿಂಗಳಿನಿಂದ ಕಾರ್ಯಕ್ರಮ ಶುರು ಎಂದಳು. ನೀನು ಅದೇ ಕೋಣೆಯಲ್ಲಿ, ನನ್ನಿಂದ ನಾಲ್ಕು ಮೊಳ ದೂರದಲ್ಲಿ ಹುಚ್ಚೀರಪ್ಪನ ಜೊತೆ ಮಂಡಕ್ಕಿ ತಿನ್ನುತ್ತಿದ್ದೆ. ನಾನು ನಿನ್ನನ್ನು ನೋಡುತ್ತಲೇ, "ಅವರಿಗೆ ಡೇಟ್ ಇಲ್ರಿ, ವರ್ಷಿಡೀ ತುಂಬೇತಿ" ಅಂದೆ. "ಯಾರಿಗ್ರಿ ಡೇಟ್ ಇಲ್ಲದ್ದು?" ಎಂದು ನೀನು ಕೇಳಿದೆ. "ಖಾತುನಬಿಗೆ" ಅಂದೆ. ನೀನು ಖುಷಿಪಟ್ಟೆ. ಅವರಿಗೆ ಬೇಡಿಕೆ ಬಂತಲ್ಲ ಎಂದು.

ಮರುವಾರ ಮತ್ತೆ ಬಂತು. ಮೂರನೆಯ ಸಲ ಬರುವ ಹೊತ್ತಿಗೆ ನಾನು ಫೋನನ್ನು ನಾಟಕದ ಕಿರೀಟಗಳನ್ನು ಇಡುವ ಪೆಟ್ಟಿಗೆಯಲ್ಲಿ ರಾಣಿಯ ಸೀರೆಯಿಂದ ಸುತ್ತಿ ಮುಚ್ಚಿಟ್ಟಿದ್ದೆ. ಅದು ಒಳಗೇ ಕ್ಷೀಣವಾಗಿ ಹೊಡೆದುಕೊಳ್ಳುತ್ತಿತ್ತು. ಖಾತುನಬಿಯವರು ಕಿವಿಗೊಟ್ಟು, "ಅಂದಾನಪ್ಪಾ, ಪೆಟಿಗ್ಯಾಗ ಯಾವನೋ ರಾಜಾ ಅಳಾಕತ್ತಾನಲ್ಲೋ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಯಾಕೆ ಹಾಗೆ ಮಾಡಿದೆ? ನಿನ್ನನ್ನು ಕೇಳಿಕೊಂಡು ಬಂದವರಿಗೆ ನಾನು ಉಳಿದವರನ್ನೂ ಜೊತೆಗೆ ಕಟ್ಟಿ ಕಳಿಸುತ್ತಿದ್ದೆ. ನೀನು ಹೋದರೆ ಅವರನ್ನು ಕರೆಯುವವರಿಲ್ಲ. ಅವರಿಗಾಗಿ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ನೀನು ಹೋದ ಮೇಲೆ ಅಂದಾನಪ್ಪ ಅಂದರೆ ಯಾರು ಎಂಬ ಹೆದರಿಕೆ ಉಳಿದ ಅರ್ಧ. ಆ ಅರ್ಧವೇ ದೊಡ್ಡದು.

ಲಕ್ಷ್ಮೇಶ್ವರದಲ್ಲಿ ನಾನು ವೇದಿಕೆ ಹತ್ತಿದ್ದು ದೊಡ್ಡ ಮನಸ್ಸಿನಿಂದಲ್ಲ. ಮಾಡಿದ್ದನ್ನು ಅಲ್ಲಿ ನಿಂತು ಅನುಭವಿಸಬೇಕು ಅನ್ನಿಸಿತು. ಅದನ್ನು ತೋರಿಸಿ ನನಗೆ ಕೈಮುಗಿಸಬೇಡ.

ಅಂದಾನಪ್ಪ

ಇದು ಖರೆ ಐತಿ ಮಾಂತೇಶ. ನನಗ ಗೊತ್ತಿತ್ತು, ಸುಮ್ಮನಿದ್ದೆ. ನನ್ನದೂ ತಪ್ಪೈತಿ. ಮನಿಗೆ ಬಂದಾಗ ಎರಡೂ ಸಲ ನಿನಗ ಸುಳ್ಳು ಹೇಳೇನಿ. — ಗದಿಗೆವ್ವ


ಬೆಂಗಳೂರು
೨೮ ಡಿಸೆಂಬರ್ ೨೦೨೩

ಅಂದಾನಪ್ಪನವರಿಗೆ,

ನಿಮ್ಮ ಪತ್ರ ಬಂದು ಎರಡು ತಿಂಗಳಾಯಿತು.

ನಾಲ್ಕು ತಿಂಗಳು ತಡವಾಯಿತು, ಆಮೇಲೆ ಹೇಗೂ ಹೋದನಲ್ಲ ಎಂದು ನೀವು ಅಂದುಕೊಂಡಿರಬಹುದು. ಒಂದು ತಾರೀಖು ನೆನಪಿಸುತ್ತೇನೆ. ೨೦೧೫, ಜೂನ್ ಹನ್ನೊಂದು. ಅಂದು ನನ್ನ ಅಪ್ಪ ನೀಲಪ್ಪನವರು ತೀರಿಹೋದರು. ಯಳವತ್ತಿಗೆ ಬಂದು, ಅವರ ಹೆಣಕ್ಕೆ ನೀವೂ ಹೆಗಲು ಕೊಟ್ಟಿರಿ.

ಅಪ್ಪ ನನ್ನ ಒಂದು ಕಾರ್ಯಕ್ರಮವನ್ನೂ ನೋಡಲಿಲ್ಲ. "ಮಂದಿ ಮುಂದ ಹಲ್ಲು ಕಿಸಿಯೂದು ಒಂದು ಉದ್ಯೋಗೇನಲೇ" ಅನ್ನುತ್ತಿದ್ದರು. ಆದರೆ ದಿನಾ ಸಂಜೆ ಪಕ್ಕದ ಮನೆಯ ಕಟ್ಟೆಗೆ ಹೋಗಿ ಟೀವಿ ನೋಡುತ್ತಿದ್ದರು. ಟೀವಿಯಲ್ಲಿ ಬಂದದ್ದೆಲ್ಲ ಅವರಿಗೆ ಖರೆ. ಮೇ ತಿಂಗಳಲ್ಲಿ ಅದರೊಳಗೆ ನಾನು ಬಂದಿದ್ದರೆ ಅವರು ಏನೆನ್ನುತ್ತಿದ್ದರು ಎಂದು ಈ ಎರಡು ತಿಂಗಳು ಯೋಚಿಸಿದ್ದೇನೆ. ಬೈಯುತ್ತಿದ್ದರೇನೋ. ಆ ಬೈಗುಳವಾದರೂ ನನಗೆ ಸಿಗುತ್ತಿತ್ತು.

ಎಂಟು ವರ್ಷ ನಾನು ದ್ರೋಹಿ ಎಂದು ತಲೆತಗ್ಗಿಸಿಕೊಂಡು ತಿರುಗಿದೆ. ನಿಮಗೆ ಅದು ಗೊತ್ತಿತ್ತು. ಬಾಗಿಲೊಳಗೆ ಕೂತು ಕೇಳಿಸಿಕೊಂಡಿರಿ.

ಸಿನಿಮಾ ನಿಲ್ಲಿಸಿದ್ದೇನೆ.

ಮಾಂತೇಶ ನೀಲಪ್ಪ


ಬೆಟಗೇರಿ
೧೯ ಜನವರಿ ೨೦೨೪

ಮಾಂತೇಶ,

ಜೂನ್ ಹನ್ನೊಂದರ ಲೆಕ್ಕ ನನಗೂ ಗೊತ್ತಿತ್ತು. ಹೆಗಲು ಕೊಟ್ಟಾಗಲೇ ಗೊತ್ತಿತ್ತು.

ಸೋಮವಾರ ಯಳವತ್ತಿಗೆ ಹೋಗಿ ನಿನ್ನ ಅವ್ವನನ್ನು ಕಂಡೆ. ಅದನ್ನು ನಿನಗೆ ತಿಳಿಸದೆ ಮುಚ್ಚಿಟ್ಟರೆ ಇನ್ನೊಂದು ಮುಚ್ಚಿಟ್ಟಂತಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಕಳಕವ್ವನವರು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿಕೊಂಡು ಕೂತಿದ್ದರು. ಅಲ್ಲೇ ಹತ್ತಿ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಹೇಳುತ್ತಿರುವಾಗ ಕಣ್ಣಲ್ಲಿ ನೀರು ಬಂತು. ಅವರು ತಲೆ ಎತ್ತಿ, "ಮೆಣಸಿನಕಾಯಿ ಘಾಟಿಗೆ ಬಂದಾವೋ, ಖರೇನ ಬಂದಾವೋ?" ಎಂದು ಕೇಳಿದರು. ನನಗೂ ಗೊತ್ತಾಗಲಿಲ್ಲವೆಂದು ಹೇಳಿದೆ. ಅವರು ಹರವಿದ್ದ ಕಾಯಿಗಳನ್ನೆಲ್ಲ ಒಂದು ಕಡೆಯಿಂದ ಹೊರಳಿಸುತ್ತ ಹೋದರು. ಬಿಸಿಲಿಗೆ ನನ್ನ ತಲೆ ಸುಡುತ್ತಿತ್ತು. ಪೂರ್ತಿ ಹೊರಳಿಸಿ ಮುಗಿಸಿದ ಮೇಲೆ ಎದ್ದರು.

"ಕೆಳಗ ಬರ್ರಿ, ಚಾ ಮಾಡ್ತೇನಿ. ಸಿಟ್ಟು ಬಂದೇತಿ ನಿಮ್ಮ ಮ್ಯಾಲೆ. ಸಕ್ಕರಿ ಕಡಿಮಿ ಹಾಕ್ತೇನಿ."

ಖರೇನೇ ಕಡಿಮೆ ಹಾಕಿದ್ದರು. ಕುಡಿದೆ. ಆಮೇಲೆ ಕೇಳಿದೆ, "ಮಾಂತೇಶ ಆಗ ಟೀವ್ಯಾಗ ಬಂದಿದ್ರ ನೀಲಪ್ಪನವರು ನೋಡ್ತಿದ್ರೇನ್ರಿ?"

"ನನಗ ಗೊತ್ತಿಲ್ರಿ. ನೋಡ್ತಿದ್ರೋ, ಎದ್ದು ಬರ್ತಿದ್ರೋ. ಅದನ್ನ ಗೊತ್ತು ಮಾಡ್ಕೊಳ್ಳಾಕ ಇನ್ನ ಆಗೂದಿಲ್ಲ. ಅದ ನೀವು ಮಾಡಿದ್ದು." ಅವರು ದನಿ ಏರಿಸಲಿಲ್ಲ. ಚಹಾದ ಕಪ್ಪು ಎತ್ತಿಟ್ಟು ಕೇಳಿದರು: "ಮಗ ಸಿನಿಮಾ ಯಾಕ ನಿಂದ್ರಿಸ್ಯಾನ?"

"ನಾ ಅವ ತಿಳಕೊಂಡಂಥ ಮನಶ್ಯಾ ಅಲ್ಲ ಅಂತ ಗೊತ್ತಾತಲ್ರಿ."

"ಹಂಗಾರ ಎಂಥಾ ಮನಶ್ಯಾ ಅದೀರೋ ಅಂಥಾವನ್ನ ತಗೀಲಿ. ಫೋನ್ ಮುಚ್ಚಿಟ್ಟದ್ದೂ ಹಾಕಲಿ. ಮಂದಿ ನೋಡಲಿ, ನಗಲಿ. ನಿಮಗ ಅದ ಶಿಕ್ಷಾ. ನನ್ನ ಮಗಗ್ಯಾಕ ಶಿಕ್ಷಾ? ಅವ ಯಾಕ ಕೆಲಸ ಬಿಡಬೇಕು?"

ನನ್ನ ಒಪ್ಪಿಗೆಯನ್ನು ಆಮೇಲೆ ಬರೆಯುತ್ತೇನೆ ಎಂದಿದ್ದೆನಲ್ಲ. ಈಗ ಬರೆಯುತ್ತೇನೆ. ಒಪ್ಪಿದ್ದೇನೆ. ಏನನ್ನೂ ಬಿಡದೆ ತೆಗೆ.

ಅಂದಾನಪ್ಪ


ಬೆಂಗಳೂರು
೧೬ ಫೆಬ್ರುವರಿ ೨೦೨೪

ಕಾಕಾ,

ಬೇರೆ ಹೇಗೆ ಕರೆಯಬೇಕೋ ಗೊತ್ತಾಗದೆ ಹೀಗೇ ಬರೆದಿದ್ದೇನೆ.

ಕತೆ ತಿದ್ದಿದ್ದೇನೆ. ಮೊದಲಿನದಕ್ಕಿಂತ ನಗು ಹೆಚ್ಚಾಗಿದೆ, ಯಾಕೆಂದು ನನಗೂ ತಿಳಿಯದು. ಮಾರ್ಚ್ ಹನ್ನೆರಡರಿಂದ ಮುಂಡರಗಿಯಲ್ಲಿ ಚಿತ್ರೀಕರಣ. ಖಾತುನಬಿಯವರಿಗೆ ಕೆಳಗಿನ ಕೋಣೆ ಗೊತ್ತು ಮಾಡಿದೆ. ಅವರನ್ನು ನೋಡಿಕೊಳ್ಳಲು ನೀವು ಬರಬೇಕು, ಬೇರೆಯವರ ಮಾತು ಅವರು ಕೇಳುವುದಿಲ್ಲ. ಆದರೆ ನನ್ನ ಜೊತೆ ಮಾತಾಡಲು ಬರಬೇಡಿ. ನಿಮ್ಮ ಪಾತ್ರ ಮಾಡುವಾಗ ನಿಮ್ಮ ಮುಖ ನೋಡಿದರೆ ನನಗೆ ಆಗುವುದಿಲ್ಲ. ಕೆಲಸ ಮುಗಿಯುವವರೆಗಾದರೂ ದೂರವಿರಿ.

ಮಾಂತೇಶ


ಬೆಟಗೇರಿ
೧೭ ಡಿಸೆಂಬರ್ ೨೦೨೪

ಮಾಂತೇಶ,

ಮುಂಡರಗಿಯಲ್ಲಿ ಇಪ್ಪತ್ತೆರಡು ದಿನ ನೀನು ಹೇಳಿದಂತೆ ದೂರವೇ ಇದ್ದೆ. ಒಂದು ದಿನ ಮಾತ್ರ ಬೇವಿನ ಗಿಡದ ಹಿಂದೆ ನಿಂತು ನೋಡಿದೆ. ನೀನು ಬಗಲಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದೆ. ನಾನು ಅಷ್ಟು ಬಾಗಿ ನಡೆಯುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಮೊನ್ನೆ ಭಾನುವಾರ ಗದಗಿನಲ್ಲಿ ಮಧ್ಯಾಹ್ನದ ಆಟಕ್ಕೆ ಎಲ್ಲರೂ ಹೋಗಿದ್ದೆವು. ಕಳಕವ್ವನವರೇ ಯಳವತ್ತಿಯಿಂದ ಬಂದು ನಮ್ಮ ಮನೆಯ ಬಾಗಿಲಲ್ಲಿ ನಿಂತು, "ಸಿನಿಮಾಕ್ಕ ಕರ್ಕೊಂಡು ಹೋಗ್ರಿ" ಅಂದರು. ಥಿಯೇಟರಿನಲ್ಲಿ ನನ್ನ ಒಂದು ಪಕ್ಕ ಚಿಗವ್ವ, ಇನ್ನೊಂದು ಪಕ್ಕ ಅವರು. ಹುಚ್ಚೀರಪ್ಪ ಪರದೆಯ ಮೇಲೆ ಆಡಿನ ಮೇಲೆ ಹರಿಹಾಯ್ದಾಗ ಹಿಂದಿನ ಸಾಲಿನವರು ಕುರ್ಚಿ ಬಡಿದು ನಕ್ಕರು. ನಮ್ಮ ಸಾಲಿನಲ್ಲಿ ಕೂತಿದ್ದ ಹುಚ್ಚೀರಪ್ಪ ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದ. ಖಾತುನಬಿಯವರು ತಮ್ಮ ದೃಶ್ಯ ಬಂದಾಗ, "ಸೀರಿ ನಿರಿಗಿ ಕೆಟ್ಟಾವು" ಅಂದರು, ಅಷ್ಟೇ.

ಆಮೇಲೆ ಫೋನಿನ ದೃಶ್ಯ ಬಂತು. ನೀನು ಫೋನಿಗೆ ಸೀರೆ ಸುತ್ತುತ್ತೀ, ಪೆಟ್ಟಿಗೆ ಮುಚ್ಚುತ್ತೀ, ಅದರ ಮೇಲೆ ಕೂರುತ್ತೀ. ಒಳಗಿನಿಂದ ಫೋನು ಹೊಡೆದುಕೊಳ್ಳುತ್ತದೆ. ನೀನು ಜೋರಾಗಿ ಹಾಡು ಹೇಳತೊಡಗುತ್ತೀ. ಇಡೀ ಥಿಯೇಟರು ನಗುತ್ತಿತ್ತು. ನಾನು ಮುಖ ತಗ್ಗಿಸಿ ಕೂತಿದ್ದೆ. ಆಗ ಕಳಕವ್ವನವರು ಎದ್ದು ನಿಂತರು. ಪರದೆಯ ಮೇಲಿದ್ದವನು ಮಗ ಎಂಬುದು ಅವರಿಗೆ ಮರೆತೇ ಹೋಗಿತ್ತೋ ಏನೋ. "ಎತ್ತೋ! ಫೋನ್ ಎತ್ತೋ, ಎತ್ತಲೇ!" ಎಂದು ಕೂಗಿದರು. ಜನ ಮತ್ತಷ್ಟು ನಕ್ಕರು. ಅವರು ಮತ್ತೂ ಕೂಗಿದರು. ಆ ದನಿ ನಗುವವರ ದನಿಯಲ್ಲವೆಂದು ಒಬ್ಬೊಬ್ಬರಿಗೇ ತಿಳಿಯುತ್ತ ಬಂದು ಥಿಯೇಟರು ಸುಮ್ಮನಾಯಿತು. ಚಿಗವ್ವ ಎದ್ದು ಬಂದು ಅವರನ್ನು ಹಿಡಿದು ಕೂಡಿಸಿದಳು. ಸಿನಿಮಾ ಮುಗಿಯುವವರೆಗೂ ಕೈ ಬಿಡಲಿಲ್ಲ. ಲಕ್ಷ್ಮೇಶ್ವರದ ದೃಶ್ಯದಲ್ಲಿ ಯಾರೂ ನನಗೆ ಕೈಮುಗಿಯಲಿಲ್ಲ. ಆದರೆ ಯಾರೂ ಎದ್ದೂ ಹೋಗಲಿಲ್ಲ. ನೀನು ಸರಿಯಾಗಿಯೇ ತೆಗೆದಿದ್ದೀ.

ಅವರನ್ನು ಊರಿಗೆ ಮುಟ್ಟಿಸಲು ಬಸ್ಸಿನಲ್ಲಿ ನಾನೇ ಹೋದೆ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಯಳವತ್ತಿಯಲ್ಲಿ ಇಳಿದು ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು ಹೇಳಿದರು: "ಹೊಲದಾಗ ಜ್ವಾಳ ಹಾಲುಗಾಳು ಕಟ್ಟೇತ್ರಿ. ಹದಿನೈದ ದಿನ ಬಿಟ್ಟು ಸೀತನಿಗೆ ಬರ್ರಿ, ಹಸಿ ತೆನಿ ಸುಟ್ಟು ತಿನ್ನೂನು. ಗದಿಗೆವ್ವನ್ನೂ ಕರ್ಕೊಂಡು ಬರ್ರಿ."

ಆ ಹೊಲ ನಿಮ್ಮಪ್ಪನದು. ನಿನ್ನನ್ನು ಕೇಳದೆ ಅಲ್ಲಿಗೆ ಕಾಲಿಡಲಾರೆ. ಹೋಗಲೇ?

ನಿನ್ನ ಉತ್ತರ ಕಾಯುವ,
ಅಂದಾನಪ್ಪ


ಬೆಂಗಳೂರು
೨೬ ಡಿಸೆಂಬರ್ ೨೦೨೪

ಕಾಕಾ,

ಹೋಗಿ. ಒಬ್ಬರೇ ಹೋಗಬೇಡಿ, ನಾನೂ ಬರುತ್ತೇನೆ. ಜನವರಿ ಐದು, ಭಾನುವಾರ, ಬೆಳಿಗ್ಗೆ ಬೆಟಗೇರಿಗೆ ಬಂದು ನಿಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ಸೀತನಿ ಸುಡಲು ನನಗೆ ಬರುತ್ತದೆ, ಅಪ್ಪ ಕಲಿಸಿದ್ದಾರೆ. ಶೇಂಗಾ ಚಟ್ನಿ, ಬೆಲ್ಲ ನಾನೇ ತರುತ್ತೇನೆ, ಚಿಗವ್ವ ಏನೂ ಕಟ್ಟಿಕೊಳ್ಳುವುದು ಬೇಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಹೊಲದಲ್ಲಿ ಕೂತಾಗ ನಾನು ಸುಮ್ಮನಿದ್ದರೆ ನೀವು ಎದ್ದು ಹೋಗಬೇಡಿ. ಬಿಸಿ ಇರುವಾಗಲೇ ತಿನ್ನಿ.

ಮಾಂತೇಶ